ಎರಡು ಇಂಚು

ಕೆಂಪು ಚುಕ್ಕೆ ತುಂಬಿದ ಆ ವಿಮಾನದ ಚಿತ್ರವನ್ನು ನೀವೂ ನೋಡಿರ್ತೀರಿ. ಪ್ರಾಬಬಿಲಿಟಿ ಕ್ಲಾಸಿನ ಪಿಪಿಟಿಯಲ್ಲೋ, ಲಿಂಕ್ಡ್‌ಇನ್‌ನಲ್ಲಿ ಯಾರೋ ಸೀನಿಯರ್ ಹಾಕಿದ ಪೋಸ್ಟಿನಲ್ಲೋ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಹಾಕಿ ವಾಪಸ್ ಬಂದ ವಿಮಾನಗಳಿಗೆ ಎಲ್ಲೆಲ್ಲಿ ಗುಂಡು ತಾಗಿದೆ ಅಂತ ಗುರುತು ಮಾಡಿದರಂತೆ. ತೂತು ಜಾಸ್ತಿ ಇರೋ ಕಡೆ ಗಟ್ಟಿ ತಗಡು ಹೊದಿಸೋಣ ಅಂತ ಎಲ್ಲರೂ ಅಂದರಂತೆ. ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞರು ಮಾತ್ರ ತೂತು ಇಲ್ಲದ ಕಡೆ ಹೊದಿಸಿ ಅಂದರು, ಯಾಕಂದ್ರೆ ಅಲ್ಲಿ ಪೆಟ್ಟು ತಿಂದವು ವಾಪಸ್ಸೇ ಬಂದಿಲ್ಲ. ಕಥೆ ಇಷ್ಟೇ. ಸರ್ವೈವರ್‌ಶಿಪ್ ಬಯಾಸ್ ಅಂತ ಬರೆದು ಎರಡು ಮಾರ್ಕ್ಸ್ ತಗೊಂಡು ಮುಂದಿನ ಮಾಡ್ಯೂಲಿಗೆ ಹೋಗ್ತೀವಿ.

ವಾಪಸ್ ಬರದ ವಿಮಾನಗಳ ಒಳಗೆ ಯಾರಿದ್ದರು ಅನ್ನೋದು ಆ ಸ್ಲೈಡಿನಲ್ಲಿ ಇರಲ್ಲ. ನಾವು ಅದನ್ನು ಹುಡುಕಿಕೊಂಡು ಹೋದೆವು. ನಾವು ಅಂದರೆ ಹಾಸ್ಟೆಲ್ಲಿನ ಒಂದೇ ರೂಮಿನ ನಾಲ್ಕು ಜನ. ಮಂಡ್ಯದವನೊಬ್ಬ, ದಾವಣಗೆರೆಯವನೊಬ್ಬ, ಕುಮಟಾದವನೊಬ್ಬ, ಬೆಂಗಳೂರಿನವನೊಬ್ಬ. ಇಬ್ಬರು ಮೆಕ್ಯಾನಿಕಲ್, ಒಬ್ಬ ಇ ಅಂಡ್ ಸಿ, ಒಬ್ಬ ಸಿವಿಲ್. ಎಲ್ಲರಿಗೂ ಹತ್ತೊಂಬತ್ತು. ಮಂಡ್ಯದವನು ಎನ್‌ಸಿಸಿ ಏರ್ ವಿಂಗ್. ಡಿಗ್ರಿ ಮುಗಿದ ಮೇಲೆ ಏರ್ ಫೋರ್ಸ್ ಪರೀಕ್ಷೆ ಬರೀತೀನಿ ಅಂತ ನಮ್ಮ ಹತ್ತಿರ ಹೇಳಿದ್ದಾನೆ, ಅವನ ಅಮ್ಮನ ಹತ್ತಿರ ಇನ್ನೂ ಹೇಳಿಲ್ಲ. ಎಲ್ಲರೂ ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ, ಹಾಗಾಗಿ ಈ ಬರಹದ ಕನ್ನಡವನ್ನು ನಾಲ್ಕು ಜನ ಸೇರಿ ಎತ್ತಿದ್ದೇವೆ ಅಂದುಕೊಳ್ಳಿ.

ವಾಲ್ಡ್ ಲೆಕ್ಕ ಹಾಕಿದ್ದು ಅಮೆರಿಕದವರಿಗಾಗಿ. ನಮ್ಮನ್ನು ಹಿಡಿದು ಕೂರಿಸಿದ್ದು ಬ್ರಿಟನ್ನಿನ ಬಾಂಬರ್ ಕಮಾಂಡ್. ಅಮೆರಿಕದವರು ಹಗಲು ಹೊತ್ತು ಗುಂಪಾಗಿ ಹೋಗುತ್ತಿದ್ದರು, ಇವರು ರಾತ್ರಿ. ನೂರಾರು ವಿಮಾನ ಒಂದೇ ಊರಿನ ಕಡೆ ಹೊರಟರೂ ಕತ್ತಲಲ್ಲಿ ಒಂದಕ್ಕೊಂದು ಕಾಣುತ್ತಿರಲಿಲ್ಲ. ಪ್ರತಿಯೊಂದೂ ಒಂಟಿ.

ಮೊದಲು ಸಂಖ್ಯೆ ಹೇಳಿಬಿಡ್ತೀವಿ, ನಾವು ಇಂಜಿನಿಯರಿಂಗ್‌ನವರಲ್ವಾ. ಯುದ್ಧದ ಅಷ್ಟೂ ವರ್ಷ ಸೇರಿ ಬಾಂಬರ್ ಕಮಾಂಡಿನಲ್ಲಿ ಹಾರಿದವರು ಸುಮಾರು 1,25,000 ಜನ. ಸತ್ತವರು 55,573. ಅರವತ್ತು ಜನರ ನಮ್ಮ ಕ್ಲಾಸಿಗೆ ಇಳಿಸಿದರೆ ಇಪ್ಪತ್ತಾರು, ಇಪ್ಪತ್ತೇಳು ರೋಲ್ ನಂಬರ್. ಇದರಲ್ಲಿ ಗಾಯಗೊಂಡವರು, ಸೆರೆ ಸಿಕ್ಕವರು ಸೇರಿಲ್ಲ. ವಯಸ್ಸು ಹೆಚ್ಚಿನವರದು ಇಪ್ಪತ್ತರ ಆಸುಪಾಸು. ಇಪ್ಪತ್ತೈದು ದಾಟಿದವನು ಅಲ್ಲಿ ಹಿರಿಯ. ರುಹ್ರ್ ಕಣಿವೆಯ ಅಣೆಕಟ್ಟುಗಳನ್ನು ಒಡೆಯೋಕೆ ಹೋದ ಪಡೆಯ ನಾಯಕ ಗೈ ಗಿಬ್ಸನ್‌ಗೆ ಆಗ 24, ಮರುವರ್ಷ ಸತ್ತಾಗ 26. ಇನ್ನೊಂದು ವಿಷಯ ನಮಗೆ ಗೊತ್ತೇ ಇರಲಿಲ್ಲ. ಇವರಲ್ಲಿ ಒಬ್ಬರನ್ನೂ ಬಲವಂತವಾಗಿ ವಿಮಾನ ಹತ್ತಿಸಿರಲಿಲ್ಲ. ಸೈನ್ಯಕ್ಕೆ ಸೇರೋದು ಕಡ್ಡಾಯ ಇದ್ದಿರಬಹುದು, ಆದರೆ ಹಾರುವ ಕೆಲಸಕ್ಕೆ ಎಲ್ಲರೂ ತಾವಾಗಿಯೇ ಹೆಸರು ಕೊಟ್ಟವರು. ಬ್ರಿಟನ್ನಿನವರು ಮಾತ್ರ ಅಲ್ಲ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನಿಂದ ಹಡಗು ಹತ್ತಿ ಬಂದವರು. ಕೆನಡಾ ಒಂದರ ಹುಡುಗರೇ ಸುಮಾರು ಹತ್ತು ಸಾವಿರ ಸತ್ತಿದ್ದಾರೆ.

ಇವರನ್ನು ತಂಡ ಮಾಡಿದ ರೀತಿ ಕೇಳಿದರೆ ನಿಮಗೆ ನಗು ಬರುತ್ತೆ. ಸೈನ್ಯ ಅಂದಮೇಲೆ ಪಟ್ಟಿ ಹಾಕಿ ನೀನು ಇವನ ಜೊತೆ ಅಂತ ಹೇಳ್ತಾರೆ ಅಂದುಕೊಂಡಿದ್ವಿ. ಹಾಗಲ್ಲ. ತರಬೇತಿ ಮುಗಿಸಿದ ಪೈಲಟ್‌ಗಳು, ನ್ಯಾವಿಗೇಟರ್‌ಗಳು, ಗನ್ನರ್‌ಗಳು ಎಲ್ಲರನ್ನೂ ಒಂದು ದೊಡ್ಡ ಹ್ಯಾಂಗರಿನೊಳಗೆ ಬಿಟ್ಟು, ನೀವು ನೀವೇ ತಂಡ ಮಾಡಿಕೊಳ್ಳಿ ಅಂತ ಹೇಳಿ ಅಧಿಕಾರಿಗಳು ಹೊರಟುಬಿಡುತ್ತಿದ್ದರು. ಮಿನಿ ಪ್ರಾಜೆಕ್ಟಿಗೆ ಟೀಮ್ ಮಾಡುವ ದಿನ ನಮ್ಮ ಕಾರಿಡಾರಿನಲ್ಲಿ ಹೇಗಿರುತ್ತೋ ಹಾಗೆ. ಮುಖ ನೋಡಿ, ನಡೆಯೋದು ನೋಡಿ, ಇವನು ಕುಡಿದು ಬರೋನಲ್ಲ ಅನ್ನಿಸಿದರೆ ಹೋಗಿ ಕೇಳೋದು, ನಿಂಗೆ ನ್ಯಾವಿಗೇಟರ್ ಸಿಕ್ಕಿದ್ನಾ? ಕೆಲವೇ ಗಂಟೆಗಳಲ್ಲಿ ತಂಡ ರೆಡಿ. ಮುಂದಿನ ತಿಂಗಳುಗಳಲ್ಲಿ ಒಟ್ಟಿಗೆ ಬದುಕುವುದು, ಹೆಚ್ಚಿನ ಸಲ ಒಟ್ಟಿಗೆ ಸಾಯುವುದು, ಆ ಮಧ್ಯಾಹ್ನ ಅಪರಿಚಿತರಾಗಿದ್ದ ಇವರೇ. ಬಹಳಷ್ಟು ಜನ ಬದುಕುಳಿದ ಮೇಲೂ ತಮ್ಮ ಸ್ವಂತ ಅಣ್ಣತಮ್ಮಂದಿರಿಗಿಂತ ಆ ತಂಡದವರೇ ಹತ್ತಿರ ಅಂತ ಹೇಳಿಕೊಂಡಿದ್ದಾರೆ.

ಲ್ಯಾಂಕಾಸ್ಟರ್ ಎಂಬ ನಾಲ್ಕು ಇಂಜಿನ್ನಿನ ಬಾಂಬರಿನಲ್ಲಿ ಏಳು ಜನ. ಪೈಲಟ್, ಫ್ಲೈಟ್ ಇಂಜಿನಿಯರ್, ನ್ಯಾವಿಗೇಟರ್, ಬಾಂಬ್ ಬೀಳಿಸುವ ಬಾಂಬ್ ಏಮರ್, ವೈರ್‌ಲೆಸ್ ಆಪರೇಟರ್, ಬೆನ್ನ ಮೇಲಿನ ಗನ್ನರ್, ಬಾಲದ ಗನ್ನರ್. ಪೈಲಟ್ ಬರೀ ಸಾರ್ಜೆಂಟ್ ಆಗಿದ್ದು ನ್ಯಾವಿಗೇಟರ್ ದೊಡ್ಡ ಆಫೀಸರ್ ಆಗಿದ್ದರೂ ಗಾಳಿಯಲ್ಲಿ ಪೈಲಟ್ಟೇ ಯಜಮಾನ.

ನಮಗೆ ಜಾಸ್ತಿ ಹತ್ತಿರ ಅನ್ನಿಸಿದ್ದು ಫ್ಲೈಟ್ ಇಂಜಿನಿಯರ್. ಮೊದಲು ಇಬ್ಬರು ಪೈಲಟ್ ಇರುತ್ತಿದ್ದರು. ಅಷ್ಟೊಂದು ಪೈಲಟ್‌ಗಳನ್ನು ತಯಾರು ಮಾಡೋದು ಕಷ್ಟ ಅಂತ 1942ರಲ್ಲಿ ಎರಡನೇ ಪೈಲಟ್ ತೆಗೆದು ಆ ಜಾಗಕ್ಕೆ ಇವನನ್ನು ಹಾಕಿದರು. ಪೈಲಟ್ಟಿನ ಪಕ್ಕದಲ್ಲಿ ಮಡಚುವ ಸೀಟು. ಗ್ಯಾರೇಜಿನಲ್ಲಿ, ವರ್ಕ್‌ಶಾಪಿನಲ್ಲಿ ಕೈ ಕಪ್ಪು ಮಾಡಿಕೊಂಡು ಬೆಳೆದ ಹುಡುಗರು ಇದಕ್ಕೆ ಬರುತ್ತಿದ್ದರು, ವೇಲ್ಸಿನ ಸೇಂಟ್ ಆಥನ್‌ನಲ್ಲಿ ತರಬೇತಿ. ರೆಕ್ಕೆಗಳಲ್ಲಿ ಆರು ಟ್ಯಾಂಕು, ಒಟ್ಟು 2,154 ಗ್ಯಾಲನ್ ಪೆಟ್ರೋಲು, ನಮ್ಮ ಲೆಕ್ಕದಲ್ಲಿ ಸುಮಾರು 9,800 ಲೀಟರ್. ಯಾವ ಟ್ಯಾಂಕಿನಿಂದ ಯಾವ ಇಂಜಿನ್ನಿಗೆ ಎಷ್ಟು ಹೊತ್ತು, ಒಂದು ರೆಕ್ಕೆ ಭಾರ ಇನ್ನೊಂದು ಹಗುರ ಆಗದ ಹಾಗೆ ಹೇಗೆ ಬದಲಾಯಿಸೋದು, ಆಯಿಲ್ ಪ್ರೆಶರ್ ಎಷ್ಟು, ಕೂಲಂಟ್ ಎಷ್ಟು ಬಿಸಿ, ಎಲ್ಲ ಇವನ ಕೈಯಲ್ಲಿ. ಆಗಾಗ ಲಾಗ್ ಶೀಟ್ ತುಂಬಬೇಕು. ಕೆಳಗಿನಿಂದ ಗುಂಡು ಬರ್ತಾ ಇರುತ್ತೆ, ಇವನು ಟಾರ್ಚ್ ಮರೆಮಾಡಿಕೊಂಡು ರೀಡಿಂಗ್ ಬರೀತಾ ಇರ್ತಾನೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನಲ್ಲಿ ಐದು ರೀಡಿಂಗ್ ತಗೊಂಡು ಉಳಿದ ಐದನ್ನು ಅಂದಾಜಿನಲ್ಲಿ ತುಂಬುವವರ ಬಗ್ಗೆ ನಾವಿಲ್ಲಿ ಏನೂ ಹೇಳಲ್ಲ.

ದಾಳಿ ಇರುವ ದಿನ ಮಧ್ಯಾಹ್ನ ಬ್ರೀಫಿಂಗ್. ಗೋಡೆಯ ಮೇಲಿನ ಮ್ಯಾಪಿಗೆ ಪರದೆ ಹಾಕಿರುತ್ತಿತ್ತು, ಅದನ್ನು ಸರಿಸಿದಾಗ ಕೆಂಪು ದಾರ ಎಲ್ಲಿವರೆಗೆ ಹೋಗಿದೆ ಅಂತ ಎಲ್ಲರ ಕಣ್ಣೂ ಒಟ್ಟಿಗೆ ಓಡುತ್ತಿತ್ತು. ಫ್ರಾನ್ಸಿನ ದಡದಲ್ಲೇ ನಿಂತರೆ ಉಸಿರು ಬಿಡೋದು, ಬರ್ಲಿನ್ ಮುಟ್ಟಿದರೆ ಗೊಣಗೋದು. ಆಮೇಲೆ ಊಟ. ಅದರಲ್ಲಿ ಮೊಟ್ಟೆ ಇರುತ್ತಿತ್ತು. ಇದೇನು ದೊಡ್ಡ ವಿಷಯ ಅನ್ನಬೇಡಿ, ಬ್ರಿಟನ್ನಿನಲ್ಲಿ ಆಗ ರೇಷನ್, ಊರಿನವರಿಗೆ ವಾರಕ್ಕೊಂದು ಮೊಟ್ಟೆ ಸಿಕ್ಕರೆ ಹೆಚ್ಚು. ನೀನು ವಾಪಸ್ ಬರದಿದ್ದರೆ ನಿನ್ನ ಮೊಟ್ಟೆ ನಂಗೆ ಅಂತ ಒಬ್ಬರಿಗೊಬ್ಬರು ತಮಾಷೆ ಮಾಡುತ್ತಿದ್ದರಂತೆ. ಇದನ್ನು ಓದಿದ ದಿನ ನಮ್ಮ ಮೆಸ್ಸಿನಲ್ಲೂ ಎಗ್ ಕರಿ. ದಾವಣಗೆರೆಯವನು ಮೊಟ್ಟೆ ತಿನ್ನಲ್ಲ, ಅವನ ಪಾಲು ಯಾವಾಗಲೂ ಕುಮಟಾದವನಿಗೆ. ಅವತ್ತು ಕೇಳೋಕೆ ಅವನಿಗೆ ಬಾಯಿ ಬರಲಿಲ್ಲ.

ಮೇಲೆ ಹೋದರೆ ಚಳಿ. ಬಾಲದ ಗನ್ನರ್ ಕೂರುವ ಗೂಡಿನಲ್ಲಿ ಮೈನಸ್ 40 ಡಿಗ್ರಿವರೆಗೂ ಹೋಗುತ್ತಿತ್ತು. ಕರೆಂಟಿನಲ್ಲಿ ಬಿಸಿಯಾಗುವ ಸೂಟ್ ಕೊಟ್ಟಿದ್ದರು, ಅದು ಕೈಕೊಟ್ಟರೆ ಮುಗೀತು. ಮುಂದಿನ ಗಾಜಿನಂಥ ಪ್ಲಾಸ್ಟಿಕ್ ಹಾಳೆಯಲ್ಲಿ ಒಂದು ಸಣ್ಣ ಕಲೆ ಇದ್ದರೂ ಅದು ದೂರದ ಜರ್ಮನ್ ವಿಮಾನವೋ ಕಲೆಯೋ ಗೊತ್ತಾಗಲ್ಲ ಅಂತ ಎಷ್ಟೋ ಜನ ಆ ಹಾಳೆಯನ್ನೇ ಕಿತ್ತು ಹಾಕಿ ಬರೀ ಗಾಳಿಗೆ ಮುಖ ಕೊಟ್ಟು ಕೂರುತ್ತಿದ್ದರು. ಬರ್ಲಿನ್‌ಗೆ ಹೋಗಿ ಬರೋಕೆ ಏಳೆಂಟು ಗಂಟೆ. ಅಷ್ಟು ಹೊತ್ತೂ ಉಳಿದ ಆರು ಜನರಿಗೆ ಬೆನ್ನು ಹಾಕಿ, ಬಂದ ದಾರಿ ನೋಡಿಕೊಂಡು, ಕಿವಿಯಲ್ಲಿ ಇಂಟರ್‌ಕಾಮ್ ಮಾತ್ರ. ಪ್ಯಾರಾಶೂಟ್ ಇಟ್ಟುಕೊಳ್ಳೋಕೂ ಗೂಡಿನಲ್ಲಿ ಜಾಗ ಇಲ್ಲ. ಅದು ಬೆನ್ನ ಹಿಂದಿನ ಬಾಗಿಲಿನಾಚೆ ವಿಮಾನದೊಳಗೆ ನೇತಾಡ್ತಾ ಇರುತ್ತೆ. 1944ರ ಮಾರ್ಚಿನಲ್ಲಿ ಬರ್ಲಿನ್ ದಾಳಿಯಿಂದ ವಾಪಸ್ ಬರುವಾಗ ನಿಕೋಲಸ್ ಆಲ್ಕಮೇಡ್ ಎಂಬ 21ರ ಬಾಲದ ಗನ್ನರ್ ಬಾಗಿಲು ತೆಗೆದು ನೋಡಿದರೆ ಪ್ಯಾರಾಶೂಟಿಗೇ ಬೆಂಕಿ ಹತ್ತಿದೆ. ಸುಟ್ಟು ಸಾಯೋದಕ್ಕಿಂತ ಬಿದ್ದು ಸಾಯೋದು ವಾಸಿ ಅಂತ 18,000 ಅಡಿಯಿಂದ ಹಾಗೇ ಹಾರಿದ. ಫರ್ ಮರಗಳ ಮೇಲೆ, ಆಮೇಲೆ ಹಿಮದ ಮೇಲೆ ಬಿದ್ದು ಬದುಕಿದ. ಸೆರೆ ಹಿಡಿದ ಜರ್ಮನ್ನರು ಮೊದಲು ನಂಬಲೇ ಇಲ್ಲ. ಇಂಥದ್ದು ತೀರಾ ಅಪರೂಪ.

ಗುರಿ ಮುಟ್ಟಿ ಬಾಂಬ್ ಬಿಟ್ಟ ತಕ್ಷಣ ತಿರುಗಿಸಿ ಓಡಿಬರಬಹುದು ಅಂದುಕೊಂಡಿದ್ವಿ. ಆಗಲ್ಲ. ಬಾಂಬಿನ ಜೊತೆ ಒಂದು ಫ್ಲಾಶ್ ಕೂಡ ಬೀಳುತ್ತೆ, ಬಾಂಬ್ ನೆಲ ಮುಟ್ಟುವ ಹೊತ್ತಿಗೆ ಅದು ಹೊತ್ತಿಕೊಂಡು ವಿಮಾನದ ಕ್ಯಾಮೆರಾ ಫೋಟೋ ತೆಗೀಬೇಕು. ಅಲ್ಲಿವರೆಗೆ ಅರ್ಧ ನಿಮಿಷ ವಿಮಾನ ಅತ್ತಿತ್ತ ಅಲ್ಲಾಡದೆ ನೇರ ಹಾರಬೇಕು. ಸರ್ಚ್‌ಲೈಟು, ವಿಮಾನನಿರೋಧಕ ಗುಂಡು, ಎಲ್ಲದರ ನಡುವೆ ಮೂವತ್ತು ಸೆಕೆಂಡು, ಫೋಟೋಗೋಸ್ಕರ. ಇದಕ್ಕೂ ಕಾರಣ ಇತ್ತು. 1941ರಲ್ಲಿ ಬಟ್ ವರದಿ ಅಂತ ಒಂದು ಬಂತು. ಗುರಿ ಹೊಡೆದೆವು ಅಂತ ಹೇಳಿಕೊಂಡು ಬಂದ ವಿಮಾನಗಳ ಫೋಟೋ ನೋಡಿದರೆ ಮೂರರಲ್ಲಿ ಒಂದು ಮಾತ್ರ ಗುರಿಯ ಐದು ಮೈಲಿ ಒಳಗೆ ಹೋಗಿತ್ತು. ಕತ್ತಲಲ್ಲಿ ಫ್ಯಾಕ್ಟರಿ ಹುಡುಕೋದು ಆಗದ ಮಾತು ಅಂತ ಗೊತ್ತಾದ ಮೇಲೆ ಇಡೀ ಊರನ್ನೇ ಗುರಿ ಮಾಡಿದರು. ಆ ಊರಿನ ಮಾತಿಗೆ ಆಮೇಲೆ ಬರ್ತೀವಿ.

ಹೀಗೆ ಮೂವತ್ತು ಸಲ ಹೋಗಿ ಬಂದರೆ ಒಂದು ಟೂರ್ ಮುಗೀತು, ಆರು ತಿಂಗಳಾದರೂ ವಿಶ್ರಾಂತಿ. ಸಲಕ್ಕೆ ನೂರು ವಿಮಾನಕ್ಕೆ ನಾಲ್ಕು ಬೀಳುತ್ತೆ ಅಂತಿಟ್ಟುಕೊಳ್ಳಿ. ಕ್ಯಾಲ್ಕುಲೇಟರ್ ತೆಗೆದು 0.96ರ ಘಾತ 30 ಒತ್ತಿ ನೋಡಿ. 0.29. ನೂರಕ್ಕೆ ಇಪ್ಪತ್ತೊಂಬತ್ತು ತಂಡ ಮೂವತ್ತನೇ ಸಲ ಇಳಿದು ಬರುತ್ತೆ. 1943-44ರ ಚಳಿಗಾಲದ ಬರ್ಲಿನ್ ದಾಳಿಗಳಲ್ಲಿ ಅದು ನೂರಕ್ಕೆ ಐದರ ಹತ್ತಿರ ಇತ್ತು, ಹಾಗೆ ಹಾಕಿದರೆ 0.21. 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್‌ಗೆ ಹೋದ 795 ವಿಮಾನಗಳಲ್ಲಿ 95 ವಾಪಸ್ ಬರಲಿಲ್ಲ. ಬೆಳದಿಂಗಳಿತ್ತು, ಹಗಲಿನ ಹಾಗೆ ಕಾಣುತ್ತಿತ್ತು, ಆದರೂ ಕಳಿಸಿದರು. 95ಕ್ಕೆ ಏಳೇಳು ಜನ, ಒಂದು ರಾತ್ರಿಗೆ 665.

ಇಲ್ಲಿ ನಮಗೆ ಅಚ್ಚರಿಯಾಗಿದ್ದು ಲೆಕ್ಕ ಅಲ್ಲ, ಲೆಕ್ಕ ಮಾಡಿದವನ ವಯಸ್ಸು. ಬಾಂಬರ್ ಕಮಾಂಡಿನ ಮುಖ್ಯ ಕಚೇರಿ ಹೈ ವಿಕೂಂಬ್ ಎಂಬ ಊರಿನ ಹತ್ತಿರದ ಕಾಡಿನೊಳಗೆ ಇತ್ತು. ಅಲ್ಲಿ ಆಪರೇಷನಲ್ ರಿಸರ್ಚ್ ಅಂತ ಒಂದು ವಿಭಾಗ. ನಮ್ಮ ಸೀನಿಯರ್‌ಗಳು ಓದುವ ಆಪರೇಷನ್ಸ್ ರಿಸರ್ಚ್ ಹುಟ್ಟಿದ್ದು ಇಂಥ ಕಚೇರಿಗಳಲ್ಲೇ. 1943ರ ಜುಲೈನಲ್ಲಿ ಅಲ್ಲಿಗೆ ಕೇಂಬ್ರಿಡ್ಜಿನಿಂದ ಗಣಿತ ಓದಿದ ಒಬ್ಬ ಹುಡುಗ ಕೆಲಸಕ್ಕೆ ಬಂದ. ಫ್ರೀಮನ್ ಡೈಸನ್. ಹತ್ತೊಂಬತ್ತು ವರ್ಷ. ಹೌದು, ಆಮೇಲೆ ದೊಡ್ಡ ಭೌತವಿಜ್ಞಾನಿಯಾಗಿ 2020ರಲ್ಲಿ ತೀರಿಕೊಂಡ ಅದೇ ಡೈಸನ್. ದೊಡ್ಡವರಿಗೆ ಬಹುವಚನ ಕೊಡಬೇಕು, ಆದರೆ ಆಗ ನಮ್ಮದೇ ವಯಸ್ಸು ನೋಡಿ, ಏಕವಚನವೇ ಬರುತ್ತೆ. ಅವನ ಬಾಸ್ ರೂಬೆನ್ ಸ್ಮೀಡ್. ಸಿವಿಲ್‌ನವರಿಗೆ ಟ್ರಾಫಿಕ್ ಇಂಜಿನಿಯರಿಂಗ್‌ನಲ್ಲಿ ಸ್ಮೀಡ್ ನಿಯಮ ಅಂತ ಬರುತ್ತಲ್ಲ, ಅವರೇ.

ತಂಡಗಳಿಗೆ ಹೇಳುತ್ತಿದ್ದ ಮಾತು ಒಂದಿತ್ತು. ಮೊದಲ ಕೆಲವು ಸಲ ಕಷ್ಟ, ಅನುಭವ ಬಂದ ಹಾಗೆ ಅಪಾಯ ಕಮ್ಮಿ ಆಗುತ್ತೆ. ಇದು ನಿಜವಾ ಅಂತ ನೋಡುವ ಕೆಲಸ ಡೈಸನ್‌ಗೆ ಬಂತು. ನೋಡಿದ. ಮೊದಲು ಅಷ್ಟಿಷ್ಟು ನಿಜ ಇದ್ದಿದ್ದು ಈಗ ಇಲ್ಲವಾಗಿತ್ತು. ಇಪ್ಪತ್ತೊಂಬತ್ತನೇ ಸಲ ಹೋಗುವವನೂ ಮೊದಲನೇ ಸಲ ಹೋಗುವವನೂ ಒಂದೇ. ಜಿಯೊಮೆಟ್ರಿಕ್ ಡಿಸ್ಟ್ರಿಬ್ಯೂಷನ್ನಿಗೆ ನೆನಪಿಲ್ಲ ಅಂತ ಮೇಡಂ ಹೇಳಿಕೊಡ್ತಾರಲ್ಲ, ಹಿಂದೆ ಎಷ್ಟು ಸಲ ಬಚಾವಾದೆ ಅನ್ನೋದು ಮುಂದಿನ ಸಲಕ್ಕೆ ಲೆಕ್ಕಕ್ಕೇ ಇಲ್ಲ, ಅದು. ಕಾರಣ ಆಮೇಲೆ ಗೊತ್ತಾಯಿತು. ಜರ್ಮನ್ನರು ತಮ್ಮ ರಾತ್ರಿ ವಿಮಾನಗಳಿಗೆ ಮೇಲ್ಮುಖವಾಗಿ ಓರೆಯಾಗಿ ನಿಲ್ಲಿಸಿದ ಬಂದೂಕು ಹಾಕಿ, ಲ್ಯಾಂಕಾಸ್ಟರಿನ ಹೊಟ್ಟೆಯ ಕೆಳಗೆ ಸದ್ದಿಲ್ಲದೆ ಬಂದು ಹೊಡೆಯುತ್ತಿದ್ದರು. ಹೊಟ್ಟೆಯ ಕೆಳಗೆ ನೋಡೋಕೆ ಯಾರೂ ಇರಲಿಲ್ಲ. ಅನುಭವ ಇದ್ದರೂ ಕಾಣದ್ದನ್ನು ಏನು ಮಾಡೋಕಾಗುತ್ತೆ?

ಡೈಸನ್ ಮತ್ತು ಸ್ಮೀಡ್ ಇನ್ನೊಂದು ಮಾತು ಯೋಚಿಸಿದರು. ಬಂದೂಕುಗಳಿಂದ ಅಷ್ಟೇನೂ ಉಪಯೋಗ ಇಲ್ಲ, ಎರಡು ಗನ್ ಗೂಡು ಕಿತ್ತರೆ ವಿಮಾನ ಗಂಟೆಗೆ 50 ಮೈಲಿಯಷ್ಟು ಜೋರಾಗಿ ಹೋಗುತ್ತೆ, ಬಿದ್ದರೂ ಏಳರ ಬದಲು ಐದೇ ಜನ. ಮೇಲಿನವರು ಒಪ್ಪಲಿಲ್ಲ. ಬಾಲದ ಗನ್ನರ್ ತಂಡವನ್ನು ಕಾಪಾಡ್ತಾನೆ ಅನ್ನೋದು ಎಲ್ಲರೂ ನಂಬಿಕೊಂಡಿದ್ದ ಕಥೆ. ಆ ಕಥೆ ಇಲ್ಲದಿದ್ದರೆ ಹುಡುಗರು ವಿಮಾನ ಹತ್ತುತ್ತಿದ್ದರಾ? ಹತ್ತಲ್ಲ ಅಂದವರಿಗೂ ಒಂದು ಹೆಸರು ಇಟ್ಟಿದ್ದರು, ನೈತಿಕ ಬಲ ಇಲ್ಲದವನು ಅಂತ. ಹದಿನೈದು ಸಲ ಹೋಗಿ ಬಂದು ಹದಿನಾರನೇ ಸಲ ಕೈ ನಡುಗಿ ಕೂತವನಿಗೂ ಅದೇ ಸೀಲು. ಎದೆ ಮೇಲಿನ ರೆಕ್ಕೆಯ ಬ್ಯಾಡ್ಜ್ ಕಿತ್ತುಕೊಳ್ಳುತ್ತಿದ್ದರು.

ಈಗ ತಲೆಬರಹದ ಎರಡು ಇಂಚು.

ವಿಮಾನಕ್ಕೆ ಬೆಂಕಿ ಹತ್ತಿದರೆ ಪ್ಯಾರಾಶೂಟ್ ಕಟ್ಟಿಕೊಂಡು ಹಾರಬೇಕು. ಲ್ಯಾಂಕಾಸ್ಟರಿನಲ್ಲಿ ಮುಖ್ಯ ದಾರಿ ಮೂಗಿನ ನೆಲದಲ್ಲಿರುವ ಒಂದು ಹ್ಯಾಚ್, ಮುಚ್ಚಳ ತೆಗೆದು ಕೆಳಗೆ ಬೀಳುವಂಥದ್ದು. ಡೈಸನ್ ಬರೆದಿರುವ ಪ್ರಕಾರ, ಹೊಡೆದುರುಳಿಸಿದ ಅಮೆರಿಕದ ಬಾಂಬರ್‌ಗಳಿಂದ ಸುಮಾರು ಅರ್ಧದಷ್ಟು ಜನ ಬದುಕಿ ಹೊರಬರುತ್ತಿದ್ದರು. ಬ್ರಿಟನ್ನಿನದೇ ಹಳೆಯ ಹ್ಯಾಲಿಫ್ಯಾಕ್ಸ್‌ನಿಂದ ನೂರಕ್ಕೆ 25. ಲ್ಯಾಂಕಾಸ್ಟರಿನಿಂದ 15. ಲ್ಯಾಂಕಾಸ್ಟರ್ ಹೊಸದು, ಎತ್ತರ ಹಾರುತ್ತೆ, ಜಾಸ್ತಿ ಬಾಂಬ್ ಹೊರುತ್ತೆ, ಎಲ್ಲರ ಅಚ್ಚುಮೆಚ್ಚು. ಆದರೆ ಬಿದ್ದರೆ ಸಾವು. ಯಾಕೆ ಅಂತ ಅದೇ ಕಚೇರಿಯ ಮೈಕ್ ಓಲಾಫ್ಲಿನ್ ಎಂಬ ಸಹೋದ್ಯೋಗಿ ಹುಡುಕಿದರು. ಹ್ಯಾಲಿಫ್ಯಾಕ್ಸಿನ ಹ್ಯಾಚ್ 24 ಇಂಚು ಅಗಲ. ಲ್ಯಾಂಕಾಸ್ಟರಿನದು 22.

ಇದನ್ನು ಓದಿ ಸುಮ್ಮನಿರೋಕೆ ಆಗಲಿಲ್ಲ. ವಾಟರ್ ಪ್ಯೂರಿಫೈಯರ್ ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆ ವಾರ್ಡನ್ ರೂಮಿನ ಹೊರಗೆ ಬಿದ್ದಿತ್ತು, ತಂದು ಬಿಚ್ಚಿ ಎರಡು ಹಾಳೆ ಮಾಡಿದೆವು. ಒಂದರಲ್ಲಿ 22 ಇಂಚು, ಇನ್ನೊಂದರಲ್ಲಿ 24 ಇಂಚು ಅಗಲ ಅಳೆದು ಕತ್ತರಿಸಿ, ಎರಡು ಮಂಚದ ನಡುವೆ ನಿಲ್ಲಿಸಿ ಹಿಡಿದೆವು. ಅವರ ಪ್ಯಾರಾಶೂಟ್ ಎದೆ ಮೇಲೆ ಸಿಕ್ಕಿಸಿಕೊಳ್ಳುವಂಥದ್ದು. ಅದಕ್ಕೆ ಕಾಲೇಜ್ ಬ್ಯಾಗಿನೊಳಗೆ ಬೆಡ್‌ಶೀಟ್ ತುರುಕಿ ಎದೆಗೆ ಕಟ್ಟಿಕೊಂಡೆವು. ಮೇಲೆ ಸ್ವೆಟರು, ಅದರ ಮೇಲೆ ಜಾಕೆಟ್ಟು, ಕುಮಟಾದವನಿಗೆ ಸೆಖೆಗೆ ಬೆವರು ಕಿತ್ತುಕೊಂಡು ಬಂತು. ಲೈಟ್ ಆಫ್ ಮಾಡಿ ಒಬ್ಬೊಬ್ಬರೇ ನುಗ್ಗಿದೆವು. 24ರಲ್ಲಿ ನಾಲ್ಕೂ ಜನ ಪಾರಾದೆವು, ಭುಜ ಸ್ವಲ್ಪ ಓರೆ ಮಾಡಿದರೆ ಸಾಕು. 22ರಲ್ಲಿ ಬೆಂಗಳೂರಿನವನು, ತೆಳ್ಳಗಿದ್ದಾನೆ, ಹೋದ. ಮಂಡ್ಯದವನು ಬ್ಯಾಗು ಸಿಕ್ಕಿಕೊಂಡು ಅರ್ಧದಲ್ಲೇ ನಿಂತ. ಮುಂದೆ ಹೋಗಲ್ಲ, ಹಿಂದೆ ಬರಲ್ಲ. ನಗೋಕೆ ಶುರುಮಾಡಿದ್ವಿ. ಹಿಂದಿನಿಂದ ಇಬ್ಬರು ತಳ್ಳಿದಾಗ ರಟ್ಟು ಹರಿಯಿತು. ಪಕ್ಕದ ರೂಮಿನವರು ಗೋಡೆ ಗುದ್ದಿದರು, ನಾಳೆ ಇಂಟರ್ನಲ್ಸ್ ಕಣ್ರೋ.

ವಿಮಾನದಲ್ಲಿ ಹರಿಯುವ ರಟ್ಟು ಇಲ್ಲ, ಅಲ್ಯೂಮಿನಿಯಂ. ಮತ್ತೆ ನಮ್ಮ ರೂಮು ಅಲ್ಲಾಡ್ತಾ ಇರಲಿಲ್ಲ. ಉರಿಯುವ ವಿಮಾನ ಸುರುಳಿ ಸುತ್ತುತ್ತಾ ಬೀಳುವಾಗ ಮನುಷ್ಯನನ್ನು ಗೋಡೆಗೆ ಒತ್ತಿಬಿಡುತ್ತೆ, ಕೈ ಎತ್ತೋಕೂ ಆಗಲ್ಲ. ನಡುವಿನಲ್ಲಿ ಎರಡು ರೆಕ್ಕೆ ಸೇರಿಸುವ ತೊಲೆ ಒಂದು ವಿಮಾನದೊಳಗೆ ಅಡ್ಡ ಹಾದುಹೋಗುತ್ತೆ, ಹಿಂದಿರುವವರು ಮುಂದೆ ಬರಬೇಕಾದರೆ ಕತ್ತಲಲ್ಲಿ, ಆ ದಪ್ಪ ಬಟ್ಟೆಯಲ್ಲಿ, ಅದನ್ನು ಹತ್ತಿ ಇಳಿಯಬೇಕು. ಸಿಗೋದು ಕೆಲವೇ ಸೆಕೆಂಡು. ಮುಂದಿನವನು ಸಿಕ್ಕಿಕೊಂಡರೆ ಹಿಂದಿನವರೆಲ್ಲ ಅಲ್ಲೇ.

ಓಲಾಫ್ಲಿನ್ ಹ್ಯಾಚ್ ದೊಡ್ಡದು ಮಾಡಿ ಅಂತ ಹಿಂದೆ ಬಿದ್ದರು. ಎರಡು ವರ್ಷ. ದೊಡ್ಡ ಹ್ಯಾಚ್ ಬರುವ ಹೊತ್ತಿಗೆ ಯುದ್ಧ ಮುಗಿಯುತ್ತಾ ಬಂದಿತ್ತು. ಈ ಎರಡು ಇಂಚಿಗೆ ಸಾವಿರಗಟ್ಟಲೆ ಹುಡುಗರು ಸತ್ತಿರಬೇಕು ಅಂತ ಡೈಸನ್ ಆಮೇಲೆ ಬರೆದ. ಆ 22 ಇಂಚನ್ನು ಡ್ರಾಯಿಂಗಿನಲ್ಲಿ ಹಾಕಿದವನು ಕೆಟ್ಟವನಾಗಿರಬೇಕಿಲ್ಲ. ನಮ್ಮ ಹಾಗೇ ಡ್ರಾಫ್ಟರ್ ಮುಂದೆ ಕೂತು, ಬಾಂಬಿಗೆ ಎಷ್ಟು ಜಾಗ, ಪೆಟ್ರೋಲಿಗೆ ಎಷ್ಟು ಅಂತ ನೋಡಿ ಕೊನೆಗೆ ಉಳಿದ ಜಾಗದಲ್ಲಿ ಮನುಷ್ಯನನ್ನು ಇಟ್ಟಿರಬಹುದು. ಆದರೆ ತಪ್ಪು ಗೊತ್ತಾದ ಮೇಲೂ ಎರಡು ವರ್ಷ ತಗೊಂಡರಲ್ಲ, ಅದು ನಮಗೆ ಅರಗಲಿಲ್ಲ, ಈಗಲೂ ಅರಗಿಲ್ಲ.

ಹುಡುಗರೇನೋ ತಮ್ಮ ಕಡೆಯಿಂದ ಏನೂ ಕಮ್ಮಿ ಮಾಡಲಿಲ್ಲ. ಫ್ಲೈಟ್ ಇಂಜಿನಿಯರ್ ನಾರ್ಮನ್ ಜಾಕ್ಸನ್, 25 ವರ್ಷ. ಅವನದು ಮೂವತ್ತು ಮುಗಿದಿತ್ತು, ಆದರೆ ತಂಡದವರದು ಇನ್ನೂ ಬಾಕಿ ಅಂತ ಅವರ ಜೊತೆ 1944ರ ಏಪ್ರಿಲ್ 26ರ ರಾತ್ರಿ ಷ್ವೈನ್‌ಫರ್ಟ್‌ಗೆ ಹೊರಟ. ಮಗ ಹುಟ್ಟಿದ ಸುದ್ದಿ ಆಗಷ್ಟೇ ಬಂದಿತ್ತು. ರೆಕ್ಕೆಗೆ ಬೆಂಕಿ ಹತ್ತಿದಾಗ ಬೆಂಕಿ ಆರಿಸುವ ಸಿಲಿಂಡರ್ ಜಾಕೆಟ್ಟಿನೊಳಗೆ ಸಿಕ್ಕಿಸಿಕೊಂಡು, 20,000 ಅಡಿ ಮೇಲೆ, ಹಾರುತ್ತಿರುವ ವಿಮಾನದಿಂದ ಹೊರಗೆ ಬಂದು ರೆಕ್ಕೆ ಮೇಲೆ ತೆವಳಿದ. ಪ್ಯಾರಾಶೂಟ್ ಒಳಗೇ ಬಿಚ್ಚಿಕೊಂಡಿತ್ತು, ಗೆಳೆಯರು ಅದರ ಹಗ್ಗ ಹಿಡಿದು ಸ್ವಲ್ಪ ಸ್ವಲ್ಪ ಬಿಟ್ಟರು. ಸುಟ್ಟ ಕೈ, ಸುಟ್ಟ ಪ್ಯಾರಾಶೂಟ್ ಜೊತೆ ಬಿದ್ದು, ಕಾಲು ಮುರಿದು, ಸೆರೆ ಸಿಕ್ಕಿ ಬದುಕಿದ. ವಿಕ್ಟೋರಿಯಾ ಕ್ರಾಸ್ ಬಂತು. ಪೈಲಟ್ ಮತ್ತು ಬಾಲದ ಗನ್ನರ್ ಸತ್ತರು.

ಇನ್ನೊಬ್ಬ ಆಂಡ್ರ್ಯೂ ಮೈನಾರ್ಸ್ಕಿ. ಕೆನಡಾದ ವಿನ್ನಿಪೆಗ್‌ನವನು, 27 ವರ್ಷ, ಬೆನ್ನ ಮೇಲಿನ ಗನ್ನರ್. 1944ರ ಜೂನ್ 12ರ ಸಂಜೆ ವಿಮಾನ ಹತ್ತುವ ಮುಂಚೆ ಹುಲ್ಲಿನಲ್ಲಿ ನಾಲ್ಕೆಲೆಯ ಕ್ಲೋವರ್ ಸಿಕ್ಕಿತು, ಅದೃಷ್ಟದ ಗುರುತು ಅಂತ. ಅದನ್ನು ಬಾಲದ ಗನ್ನರ್ ಪ್ಯಾಟ್ ಬ್ರೋಫಿಗೆ ಕೊಟ್ಟ. ಅಂದು ರಾತ್ರಿ ಫ್ರಾನ್ಸಿನ ಕಾಂಬ್ರೇ ಹತ್ತಿರ ಎಡಗಡೆಯ ಎರಡೂ ಇಂಜಿನ್ ಹೋದವು. ಬಾಲದ ಗೂಡು ತಿರುಗೋದು ಹೈಡ್ರಾಲಿಕ್ಸ್‌ನಿಂದ, ಅದಕ್ಕೆ ಪ್ರೆಶರ್ ಬರೋದು ಇಂಜಿನ್ನಿನಿಂದ. ಇಂಜಿನ್ ಹೋಯ್ತು, ಗೂಡು ಅರ್ಧ ತಿರುಗಿ ನಿಂತಿತು, ಬ್ರೋಫಿ ಒಳಗೆ. ಕೈಯಿಂದ ತಿರುಗಿಸುವ ಹಿಡಿಕೆಯೂ ಮುರಿಯಿತು. ಹಾರೋಕೆ ಹೊರಟಿದ್ದ ಮೈನಾರ್ಸ್ಕಿ ಅದನ್ನು ನೋಡಿ ಬೆಂಕಿಯೊಳಗೆ ತೆವಳಿಕೊಂಡು ಬಂದು ಕೊಡಲಿಯಿಂದ ಹೊಡೆದ, ಆಮೇಲೆ ಬರಿಗೈಯಲ್ಲಿ ಎಳೆದ. ಆಗಲ್ಲ ಹೋಗು ಅಂತ ಬ್ರೋಫಿ ಕೈಸನ್ನೆ ಮಾಡಿದ. ಮೈನಾರ್ಸ್ಕಿ ಹಿಂದೆ ಸರಿದ, ಬ್ರೋಫಿಗೆ ಬೆನ್ನು ತೋರಿಸದೆ. ಬಾಗಿಲ ಹತ್ತಿರ ಎದ್ದು ನಿಂತು, ಉರಿಯುವ ಬಟ್ಟೆಯಲ್ಲೇ ಸೆಲ್ಯೂಟ್ ಹೊಡೆದು ಹಾರಿದ. ಸುಟ್ಟಗಾಯದಿಂದ ಸತ್ತ. ವಿಮಾನ ನೆಲಕ್ಕೆ ಅಪ್ಪಳಿಸಿದಾಗ ಗೂಡು ಕಳಚಿ ಆಚೆ ಬಿದ್ದು ಬ್ರೋಫಿ ಬದುಕಿದ. ಅವನು ಬದುಕಿದ್ದಕ್ಕೇ ಈ ಕಥೆ ನಮಗೆ ಗೊತ್ತು. ಒಳಗೆ ಯಾರೂ ಬದುಕದ ವಿಮಾನಗಳಲ್ಲಿ ಇಂಥವು ಎಷ್ಟು ನಡೆದವೋ.

7,377 ಲ್ಯಾಂಕಾಸ್ಟರ್ ಮಾಡಿದ್ದರು, ಈಗ ಹಾರುವ ಸ್ಥಿತಿಯಲ್ಲಿರೋದು ಎರಡೇ. ಒಂದು ಇಂಗ್ಲೆಂಡಿನಲ್ಲಿ, ಇನ್ನೊಂದು ಕೆನಡಾದಲ್ಲಿ. ಕೆನಡಾದ್ದಕ್ಕೆ ಮೈನಾರ್ಸ್ಕಿ ಹೆಸರು. ಬಾಂಬರುಗಳಿಗೂ ಬೆಂಗಳೂರಿಗೂ ಏನು ಸಂಬಂಧ ಅಂತ ಕೇಳಿದರೆ, ಇದೆ. ಯುದ್ಧ ಮುಗಿದಾಗ ಕಾನ್ಪುರದಲ್ಲಿ ಲಿಬರೇಟರ್ ಎಂಬ ಅಮೆರಿಕನ್ ಬಾಂಬರ್‌ಗಳನ್ನು ಹಾಳುಮಾಡಿ ಗುಜರಿಯಂತೆ ಬಿಟ್ಟುಹೋಗಿದ್ದರು. ಸ್ವಾತಂತ್ರ್ಯದ ನಂತರ ಅವನ್ನು ಬೆಂಗಳೂರಿಗೆ ತಂದು ರಿಪೇರಿ ಮಾಡಿದ್ದು ನಮ್ಮ ಎಚ್‌ಎಎಲ್‌ನವರು. ನಮ್ಮ ವಾಯುಪಡೆ ಅವನ್ನು 1968ರವರೆಗೂ ಹಾರಿಸಿತು.

ಲೆಕ್ಕ ಗೊತ್ತಿದ್ದರೂ ಹೋಗ್ತಿದ್ಯಾ ಅಂತ ಮಂಡ್ಯದವನನ್ನು ಕೇಳಿದೆವು. ಹೋಗ್ತಿದ್ದೆ ಅಂದ. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಹ್ಯಾಚ್ ಅಳತೆ ಕೇಳಿಕೊಂಡು" ಅಂದ.

ದಾವಣಗೆರೆಯವನಿಗೆ ಸಿಟ್ಟು ಬಂತು. ಇಷ್ಟು ಹೊತ್ತು ಮೇಲಿದ್ದವರದ್ದೇ ಆಯ್ತು, ಕೆಳಗಿದ್ದವರದ್ದೇನು ಅಂತ. ಅವನ ಮಾತು ಸರಿ. ಡೈಸನ್ ಕೆಲಸಕ್ಕೆ ಸೇರಿದ ಅದೇ 1943ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್ ಸುಟ್ಟಿತು. 27ರ ರಾತ್ರಿ ಬಿದ್ದ ಬಾಂಬಿಗೆ ಬಿಡಿಬಿಡಿ ಬೆಂಕಿಗಳು ಕೂಡಿ ಒಂದೇ ಆಗಿ, ಸುತ್ತಲಿನ ಗಾಳಿಯನ್ನೆಲ್ಲ ಒಳಗೆ ಎಳೆದುಕೊಂಡು ಬಿರುಗಾಳಿಯಾಯಿತು. ರಸ್ತೆಯ ಡಾಂಬರು ಕರಗಿ ಓಡುವವರ ಕಾಲು ಅಂಟಿಕೊಂಡಿತು. ನೆಲಮಾಳಿಗೆಯಲ್ಲಿ ಅಡಗಿದವರು ಉಸಿರಿಲ್ಲದೆ ಸತ್ತರು. ಆ ಕೆಲವು ದಿನಗಳ ದಾಳಿಗಳಲ್ಲಿ ಸತ್ತವರು 35,000ದಿಂದ 40,000. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು, ಗಂಡಸರು ಯುದ್ಧಕ್ಕೆ ಹೋಗಿದ್ದರಲ್ಲ. ಮೇಲಿನಿಂದ ಅದು ಬರೀ ಕೆಂಪು ಬೆಳಕು. ವಾಸನೆ ಬಂತು ಅಂತ ಕೆಲವು ಹುಡುಗರು ಆಮೇಲೆ ಹೇಳಿದ್ದಾರೆ.

ಅವರನ್ನು ಮೆಚ್ಚಬಹುದಾ ಅಂತ ನಮ್ಮ ರೂಮಿನಲ್ಲಿ ರಾತ್ರಿ ಎರಡರವರೆಗೆ ಜಗಳ. ಹಿಟ್ಲರನನ್ನು ಬೇರೆ ಹೇಗೆ ನಿಲ್ಲಿಸೋದು ಅಂತ ಮಂಡ್ಯದವನು, ಮಗು ಸುಟ್ಟು ನಿಲ್ಲಿಸೋದಾ ಅಂತ ದಾವಣಗೆರೆಯವನು. ಬ್ರಿಟನ್ನಿಗೂ ಗೊತ್ತಾಗಲಿಲ್ಲ ಅನ್ಸುತ್ತೆ. ಇವರ ಹೆಸರಿನ ಸ್ಮಾರಕ ಲಂಡನ್ನಿನಲ್ಲಿ ಎದ್ದಿದ್ದು 2012ರಲ್ಲಿ, ಬದುಕುಳಿದವರಿಗೆ ತೊಂಬತ್ತರ ಆಸುಪಾಸು ಆದ ಮೇಲೆ. ನಮ್ಮಲ್ಲಿ ಉಳಿದ ಇಬ್ಬರು ಯಾವ ಕಡೆಗೂ ಸೇರಲಿಲ್ಲ. ಈ ಬರಹದಲ್ಲಿ ನಾಲ್ಕೂ ಜನ ಒಪ್ಪಿದ್ದನ್ನು ಮಾತ್ರ ಬರೆಯೋಣ ಅಂದುಕೊಂಡಿದ್ವಿ, ಈ ಪ್ಯಾರಾದಲ್ಲಿ ಅದು ಆಗಲಿಲ್ಲ.

ಕೊನೆಗೆ ಇನ್ನೊಂದು ವಿಷಯ ಕುಮಟಾದವನು ಹುಡುಕಿ ತೆಗೆದ. ಕೆಳಗಿನಿಂದ ಈ ವಿಮಾನಗಳಿಗೆ ಗುಂಡು ಹಾರಿಸುತ್ತಿದ್ದವರು ಯಾರು? ಜರ್ಮನಿಯಲ್ಲಿ ದೊಡ್ಡವರೆಲ್ಲ ರಷ್ಯಾದ ಕಡೆ ಹೋಗಿದ್ದರಿಂದ 1943ರ ಫೆಬ್ರವರಿಯಿಂದ ಹೈಸ್ಕೂಲ್ ಹುಡುಗರನ್ನು ವಿಮಾನನಿರೋಧಕ ತೋಪುಗಳ ಹತ್ತಿರ ಕೆಲಸಕ್ಕೆ ಹಾಕಿದರು. 1926, 1927ರಲ್ಲಿ ಹುಟ್ಟಿದವರು, ಹದಿನೈದು ಹದಿನಾರು ವರ್ಷ, ನಮ್ಮ ಲೆಕ್ಕದಲ್ಲಿ ಫಸ್ಟ್ ಪಿಯುಸಿ. ಇವರು ತಂಡ ಹುಡುಕಬೇಕಾಗಿರಲಿಲ್ಲ, ಇಡೀ ಕ್ಲಾಸಿಗೆ ಕ್ಲಾಸನ್ನೇ ಕರೆಸುತ್ತಿದ್ದರು. ರಾತ್ರಿ ತೋಪು. ಹಗಲು ಮೇಷ್ಟ್ರು ಅಲ್ಲಿಗೇ ಬಂದು ಪಾಠ ಮಾಡುತ್ತಿದ್ದರು, ಲ್ಯಾಟಿನ್, ಗಣಿತ.